ಫ್ಲಾರಿಡ ಎ ಅಂಡ್ ಎಂ ಫುಟ್‌ಬಾಲ್ ತಂಡದ 1961ರ ಋತು

ಅಮೆರಿಕದ ಫ್ಲಾರಿಡ ರಾಜ್ಯದ ರಾಜಧಾನಿ ಟ್ಯಾಲಹ್ಯಾಸಿಯಲ್ಲಿರುವ ಫ್ಲಾರಿಡ ಎ ಅಂಡ್ ಎಂ ವಿಶ್ವವಿದ್ಯಾಲಯದ ರ‍್ಯಾಟ್ಲರ್ಸ್ ತಂಡ 1961ರಲ್ಲಿ ಆಡಿದ ಹತ್ತು ಪಂದ್ಯಗಳನ್ನೂ ಗೆದ್ದು, ಒಟ್ಟು 506 ಅಂಕ ಗಳಿಸಿ, ಎದುರಾಳಿಗಳಿಗೆ ಕೇವಲ 33 ಅಂಕ ಬಿಟ್ಟುಕೊಟ್ಟಿತು. ಇಲ್ಲಿ ಫುಟ್‌ಬಾಲ್ ಎಂದರೆ ಭಾರತದಲ್ಲಿ ರೂಢಿಯಲ್ಲಿರುವ ಕಾಲ್ಚೆಂಡಾಟವಲ್ಲ. ತಲಾ ಹನ್ನೊಂದು ಆಟಗಾರರ ಎರಡು ತಂಡಗಳು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಅಥವಾ ಎಸೆದು ಎದುರಾಳಿಯ ಗಡಿರೇಖೆ ದಾಟಿಸುವ ಅಮೆರಿಕನ್ ಫುಟ್‌ಬಾಲ್.

ಹಿನ್ನೆಲೆ: ದಕ್ಷಿಣದ ರಾಜ್ಯಗಳಲ್ಲಿ ಕಾನೂನಿನ ಬಲದಿಂದಲೇ ಜಾರಿಯಲ್ಲಿದ್ದ ಜನಾಂಗೀಯ ಪ್ರತ್ಯೇಕತೆಯಿಂದಾಗಿ ಬಿಳಿಯರ ವಿದ್ಯಾಲಯಗಳಲ್ಲಿ ಪ್ರವೇಶ ಸಿಗದ ಆಫ್ರಿಕನ್ ಅಮೆರಿಕನ್ನರಿಗಾಗಿ ಬೇರೆಯೇ ಕಾಲೇಜುಗಳು ಹುಟ್ಟಿಕೊಂಡವು. 1887ರಲ್ಲಿ ಆರಂಭವಾದ ಈ ಸಂಸ್ಥೆ ಅವುಗಳಲ್ಲೊಂದು. ಅದೇ ಊರಿನಲ್ಲಿದ್ದ ಬಿಳಿಯರ ಫ್ಲಾರಿಡ ಸ್ಟೇಟ್ ವಿಶ್ವವಿದ್ಯಾಲಯವೂ ಫುಟ್‌ಬಾಲ್ ತಂಡವನ್ನು ಹೊಂದಿತ್ತಾದರೂ ಎರಡೂ ತಂಡಗಳು ಒಂದೇ ಕಣದಲ್ಲಿ ಸೆಣಸುವಂತಿರಲಿಲ್ಲ. ಹೀಗಾಗಿ ಕಪ್ಪುವರ್ಣೀಯರ ಕಾಲೇಜುಗಳು ತಮ್ಮತಮ್ಮಲ್ಲೇ ಪಂದ್ಯಗಳನ್ನು ಏರ್ಪಡಿಸಿಕೊಂಡವು. ತಮ್ಮ ರಾಷ್ಟ್ರೀಯ ವಿಜೇತರು ಯಾರೆಂಬುದನ್ನು ಪಿಟ್ಸ್‌ಬರ್ಗ್ ಕೂರಿಯರ್‌ನಂತಹ ಕಪ್ಪುವರ್ಣೀಯರ ಪತ್ರಿಕೆಗಳ ಮೂಲಕ ನಿರ್ಣಯಿಸಿಕೊಂಡವು.

ತರಬೇತುದಾರ ಮತ್ತು ವಿಧಾನ: 1945ರಿಂದ 1969ರವರೆಗೆ ತಂಡದ ಮುಖ್ಯ ತರಬೇತುದಾರರಾಗಿದ್ದ ಜೇಕ್ ಗೈದರ್ (1903–1994) ಅವರ ಕಾಲದಲ್ಲಿ ರ‍್ಯಾಟ್ಲರ್ಸ್ 203 ಪಂದ್ಯಗಳನ್ನು ಗೆದ್ದು, 36ರಲ್ಲಿ ಸೋತು, 4ರಲ್ಲಿ ಸಮಬಲ ಸಾಧಿಸಿತು. ಗೈದರ್ ರೂಪಿಸಿದ ‘ಸ್ಪ್ಲಿಟ್ ಲೈನ್ ಟಿ’ ಎಂಬ ವ್ಯೂಹದಲ್ಲಿ ಚೆಂಡು ಹೊತ್ತವನಿಗೆ ದಾರಿ ಬಿಡಿಸಿಕೊಡುವ ಮುಂಚೂಣಿಯ ಆಟಗಾರರು ವಾಡಿಕೆಗಿಂತ ಹೆಚ್ಚು ಅಂತರ ಬಿಟ್ಟು ನಿಲ್ಲುತ್ತಿದ್ದರು. ಅವರಿಗೆ ಎದುರಾಗಿ ರಕ್ಷಕರೂ ಚದುರಿ ನಿಂತರೆ ನಡುವೆ ಬಿರುಕುಗಳು ತೆರೆದುಕೊಳ್ಳುತ್ತಿದ್ದವು. ಚದುರದೆ ಒತ್ತಾಗಿ ನಿಂತರೆ ಅಂಚುಗಳು ಬರಿದಾಗುತ್ತಿದ್ದವು. ಎರಡೂ ಸಂದರ್ಭಗಳಲ್ಲಿ ವೇಗದ ಓಟಗಾರನಿಗೇ ಲಾಭ. ಆಟದ ನಡುವೆ ಆಟಗಾರರನ್ನು ಬೇಕಾದಂತೆ ಬದಲಿಸಲು ನಿಯಮದ ನಿರ್ಬಂಧವಿದ್ದ ಆ ಕಾಲದಲ್ಲಿ ಗೈದರ್ ತಮ್ಮ ಬಳಗವನ್ನು ರಕ್ತ, ಬೆವರು, ಕಣ್ಣೀರು ಎಂಬ ಅರ್ಥದ ಹೆಸರುಗಳುಳ್ಳ ಮೂರು ಪಡೆಗಳಾಗಿ ವಿಂಗಡಿಸಿ, ಒಂದಾದ ಮೇಲೊಂದನ್ನು ಕಣಕ್ಕಿಳಿಸಿ ದಣಿದ ಎದುರಾಳಿಯ ಮೇಲೆ ಒತ್ತಡ ತರುತ್ತಿದ್ದರು. ಗೈದರ್ ನಡೆಸುತ್ತಿದ್ದ ತರಬೇತುದಾರರ ಶಿಬಿರಗಳಿಗೆ ಅಲಬಾಮ ವಿಶ್ವವಿದ್ಯಾಲಯದ ಪಾಲ್ ಬ್ರಯಂಟ್ ಅವರಂತಹ ಬಿಳಿಯ ತರಬೇತುದಾರರೂ ಬರುತ್ತಿದ್ದರು. ಆದರೆ ಆ ದಿನಗಳಲ್ಲಿ ಅಲಬಾಮ ತಂಡದಲ್ಲಿ ಕಪ್ಪುವರ್ಣೀಯ ಆಟಗಾರರಿಗೆ ಸ್ಥಾನವಿರಲಿಲ್ಲ.

ಋತುವಿನ ಆಟ: ಬಾಬ್ ಹೇಯ್ಸ್ ಮತ್ತು ರಾಬರ್ಟ್ ಪ್ಯಾರಮೋರ್ ಎಂಬ ಇಬ್ಬರು ವೇಗದ ಓಟಗಾರರು ಈ ವ್ಯೂಹಕ್ಕೆ ಹೇಳಿ ಮಾಡಿಸಿದಂತಿದ್ದರು. ಪಂದ್ಯಕ್ಕೆ ಸರಾಸರಿ ಐವತ್ತಕ್ಕೂ ಹೆಚ್ಚು ಅಂಕ ಗಳಿಸುತ್ತ ಬಂದ ತಂಡಕ್ಕೆ ನಿಜವಾದ ಸವಾಲು ಎದುರಾದದ್ದು ಡಿಸೆಂಬರ್‌ನಲ್ಲಿ, ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ನಡೆದ ಆರೆಂಜ್ ಬ್ಲಾಸಮ್ ಕ್ಲಾಸಿಕ್‌ನಲ್ಲಿ. 1933ರಲ್ಲಿ ಆರಂಭವಾಗಿದ್ದ ಈ ವಾರ್ಷಿಕ ಪಂದ್ಯ ಕಪ್ಪುವರ್ಣೀಯ ಸಮುದಾಯಕ್ಕೆ ಮೆರವಣಿಗೆ, ವಾದ್ಯಮೇಳಗಳಿಂದ ಕೂಡಿದ ದೊಡ್ಡ ಹಬ್ಬವೇ ಆಗಿತ್ತು. ಅಲ್ಲಿ ಜ್ಯಾಕ್ಸನ್ ಸ್ಟೇಟ್ ತಂಡವನ್ನು 14–7ರಿಂದ ಸೋಲಿಸಿದ ರ‍್ಯಾಟ್ಲರ್ಸ್ ಅಜೇಯವಾಗಿ ಉಳಿದು, ಆ ವರ್ಷದ ಕಪ್ಪುವರ್ಣೀಯ ಕಾಲೇಜುಗಳ ರಾಷ್ಟ್ರೀಯ ವಿಜೇತ ಎನಿಸಿತು.

ಮಹತ್ವ: 506ಕ್ಕೆ 33 ಎಂಬ ಅಂತರ ತಂಡದ ಸಾಮರ್ಥ್ಯವನ್ನು ಹೇಳುವಷ್ಟೇ ಸ್ಪಷ್ಟವಾಗಿ ಆ ಸಾಮರ್ಥ್ಯಕ್ಕೆ ಹಾಕಿದ್ದ ಬೇಲಿಯನ್ನೂ ಹೇಳುತ್ತದೆ. ದೇಶದ ಬಲಿಷ್ಠ ತಂಡಗಳೊಡನೆ ಆಡುವ ಹಕ್ಕೇ ಇಲ್ಲದವರು ತಮ್ಮ ನಿಜವಾದ ಎತ್ತರವನ್ನು ಅಳೆದು ತೋರಿಸುವ ಅವಕಾಶದಿಂದ ವಂಚಿತರಾಗಿದ್ದರು. ಹೇಯ್ಸ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟ ಮತ್ತು 4×100 ಮೀಟರ್ ರಿಲೇಗಳಲ್ಲಿ ಚಿನ್ನ ಗೆದ್ದು, ಬಳಿಕ ಡಲ್ಲಾಸ್ ಕೌಬಾಯ್ಸ್ ವೃತ್ತಿಪರ ತಂಡದಲ್ಲಿ ಹೆಸರು ಮಾಡಿದಾಗ ಆ ಎತ್ತರದ ಒಂದು ಅಳತೆ ಜಗತ್ತಿಗೆ ಸಿಕ್ಕಿತು. ತಂಡವಾಗಿ ಉತ್ತರ ಕೊಡುವ ಅವಕಾಶ ಬಂದದ್ದು 1969ರ ನವೆಂಬರ್‌ನಲ್ಲಿ. ಬಿಳಿಯರೇ ಬಹುಸಂಖ್ಯಾತರಾಗಿದ್ದ ಟ್ಯಾಂಪ ವಿಶ್ವವಿದ್ಯಾಲಯವನ್ನು ಗೈದರ್ ಅವರ ತಂಡ 34–28ರಿಂದ ಸೋಲಿಸಿತು. ಬೇಲಿ ಕಳಚಿದ ಮೇಲೆ ದೊಡ್ಡ ವಿಶ್ವವಿದ್ಯಾಲಯಗಳು ಪ್ರತಿಭಾವಂತ ಕಪ್ಪುವರ್ಣೀಯ ಆಟಗಾರರನ್ನು ಸೆಳೆದುಕೊಳ್ಳತೊಡಗಿದವು. ದಶಕಗಳ ಕಾಲ ಅವರನ್ನು ಬೆಳೆಸಿದ್ದ ಕಾಲೇಜುಗಳಿಗೆ 1961ರಂತಹ ತಂಡ ಕಟ್ಟುವುದು ಕಠಿಣವಾಯಿತು.