ತೊಟ್ಟಿಲ ಗುಂಡಿನ ಕಿಡಿ

ನಮ್ಮ ಮನೆಯಲ್ಲಿ ಹಳೆಯ ಮರದ ತೊಟ್ಟಿಲೊಂದಿದೆ. ಮುಳಬಾಗಿಲಿನ ತವರಿನಿಂದ ಅಮ್ಮನ ಜೊತೆಗೆ ಬಂದದ್ದು. ನಾಲ್ಕು ಮೂಲೆಗೂ ಹಿತ್ತಾಳೆಯ ಗುಂಡುಗಳು. ಅವುಗಳಲ್ಲಿ ಎರಡರ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳಿವೆ. ಹುಣಿಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮೊಮ್ಮಗಳ ನಾಮಕರಣದ ದಿನ ನಮ್ಮ ಬೀಗಿತ್ತಿ ಅದನ್ನು ನೋಡಿ, "ಇದೇನ್ರೀ, ಸುಟ್ಟಂಗಿದೆ?" ಎಂದರು. "ನಮ್ಮಣ್ಣ ಸಿಡಿಲು ಮಾಡಕ್ಕೆ ಹೋಗಿದ್ದ ಕಣ್ರೀ" ಎಂದೆ. ಅವರು ನಕ್ಕುಬಿಟ್ಟರು. ನಾನು ಹೇಳಿದ್ದು ನಿಜವೇ.

1965ರಲ್ಲಿ ನಮ್ಮ ಜಿಲ್ಲೆಯ ಚಿನ್ನದ ಗಣಿಯಲ್ಲಿ ಚಿನ್ನಕ್ಕಿಂತ ಅಪರೂಪದ್ದೊಂದು ಸಿಕ್ಕಿತು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್‍ಹ್ಯಾಮ್ ವಿಶ್ವವಿದ್ಯಾಲಯ ಮೂರೂ ಸೇರಿ ಮಾಡಿದ ಕೆಲಸ ಅದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಆ ತಂಡದಲ್ಲಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇದೇ ಗುರುತು ಸಿಕ್ಕಿತ್ತು.

ಅಷ್ಟು ಆಳಕ್ಕೆ ಏಕೆ ಹೋಗಬೇಕು? ಆಕಾಶದಿಂದ ಹಗಲೂ ರಾತ್ರಿ ಕಣಗಳ ಮಳೆ ಸುರಿಯುತ್ತಲೇ ಇರುತ್ತದೆ. ಆ ಗದ್ದಲದಲ್ಲಿ ನ್ಯೂಟ್ರಿನೊ ಕೇಳಿಸುವುದಿಲ್ಲ. ಮೇಲಿನ ಬಂಡೆ ಉಳಿದವನ್ನೆಲ್ಲ ಜರಡಿಯಂತೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಹಾದುಬರುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ಬಡಿದು, ಮ್ಯೂಆನ್ ಎಂಬ ಬೇರೊಂದು ಕಣವನ್ನು ಹೊರಡಿಸುತ್ತದೆ. ಆ ಮ್ಯೂಆನ್ ನಡೆದ ದಾರಿಯನ್ನು ತೋರಿಸಲು ಅಲ್ಲಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಸಾಲುಸಾಲಾಗಿ ಜೋಡಿಸಿದ್ದರು. ಕಣ ಹಾದುಹೋದ ಕೂಡಲೇ, ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ, ಕೊಳವೆಗಳಿಗೆ ಸಾವಿರಾರು ವೋಲ್ಟಿನ ಒಂದು ಏಟು ಕೊಡಬೇಕು. ಕಣ ಹಾದ ಕೊಳವೆಗಳಷ್ಟೇ ಮಿಂಚುತ್ತವೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೊಸೆಕೆಂಡು.

ಕೋಲಾರದಲ್ಲಿ ಕಾಲೇಜು ಓದುತ್ತಿದ್ದ ನಮ್ಮಣ್ಣನಿಗೆ ಇದು ತಲೆಗೆ ಹತ್ತಿತು. ಒಂದೇ ಒಂದು ನಿಯಾನ್ ದೀಪವನ್ನಾದರೂ ಹಾಗೆ ಮಿಂಚಿಸಬೇಕೆಂದು ಹಟ. 1966ರ ಮಾತು, ನನಗೆ ಆಗ ಹದಿಮೂರು. ನಮ್ಮ ಮಾಲೂರು ಹೆಂಚಿನ ಮನೆಯ ಹಿಂದಿನ ಕೋಣೆಯೇ ಅವನ ಗಣಿ. ಕೆಟ್ಟ ರೇಡಿಯೋದ ಟ್ರಾನ್ಸ್‌ಫಾರ್ಮರು, ವಾಲ್ವು, ಕಂಡೆನ್ಸರುಗಳು. ಶ್ರೀನಿವಾಸಪುರದ ಮಾವನ ಮನೆಯಲ್ಲಿ ಮಾವಿನ ಬುಟ್ಟಿಗಳ ಪಕ್ಕದಲ್ಲಿ ಬಿದ್ದಿದ್ದ ಹಳೇ ಕಾರಿನ ಇಗ್ನಿಷನ್ ಕಾಯಿಲು. ಟೆಸ್ಟರಿನ ಪುಟ್ಟ ನಿಯಾನ್ ದೀಪ. ಕಂಡೆನ್ಸರು ಹಂಡೆಯಿದ್ದಂತೆ. ಸಣ್ಣ ಧಾರೆಯಲ್ಲಿ ನಿಧಾನವಾಗಿ ತುಂಬಿಸಿ, ಒಮ್ಮೆಲೇ ಮಗುಚಬೇಕು. ಮುನ್ನೂರು ವೋಲ್ಟಿನ ಆ ಹಂಡೆ ಕಾಯಿಲಿನೊಳಗೆ ಮಗುಚಿದರೆ ಇನ್ನೊಂದು ತುದಿಯಲ್ಲಿ ಸಾವಿರಾರು ವೋಲ್ಟು ಏಳುತ್ತದೆ.

ಆದರೆ ಮಗುಚುವ ಕೈ ಯಾವುದು? ಇಡೀ ಕೆಲಸ ನಿಂತಿದ್ದು ಆ ಸ್ವಿಚ್ಚಿನ ಮೇಲೆ. ಮೊದಲು ಕರೆಗಂಟೆಯ ಗುಂಡಿ ಹಾಕಿದ. ಒತ್ತಿದರೆ ಒಳಗಿನ ತಗಡುಗಳು ಒಂದು ಸಲ ತಾಗುವ ಬದಲು, ಕಾಣದ ವೇಗದಲ್ಲಿ ನಾಲ್ಕಾರು ಸಲ ಪುಟಿಯುತ್ತಿದ್ದವು. ಒಂದು ಏಟು ಚೂರುಚೂರಾಗುತ್ತಿತ್ತು. ಎರಡೇ ದಿನಕ್ಕೆ ತಗಡು ಸುಟ್ಟು ಗುಳಿಬಿತ್ತು. ಆಮೇಲೆ ಕಾರಿನ ಪಾಯಿಂಟ್ಸು. ಅದು ಸ್ವಲ್ಪ ಹೆಚ್ಚು ಬಾಳಿತು, ಆದರೆ ಅದೇ ಹಣೆಬರಹ.

"ಥೈರಟ್ರಾನ್ ಬೇಕು ಪುಟ್ಟಿ" ಎನ್ನುತ್ತಿದ್ದ. ಅದು ಅನಿಲ ತುಂಬಿದ ವಾಲ್ವು, ಮುಟ್ಟುವ ತುದಿಗಳೇ ಇಲ್ಲ. ಸಣ್ಣ ಸನ್ನೆ ಕೊಟ್ಟರೆ ಸಾಕು, ಒಳಗಿನ ಅನಿಲವೇ ದಾರಿಯಾಗಿಬಿಡುತ್ತದೆ. ಉಕ್ಕುವ ಹಾಲಿನ ಹಾಗೆ. ಒಮ್ಮೆ ಶುರುವಾದರೆ ಕೆಳಗಿನ ಉರಿ ತೆಗೆಯುವ ತನಕ ನಿಲ್ಲದು. ಆ ಕಾಲದ ಟ್ರಾನ್ಸಿಸ್ಟರುಗಳು ಅಷ್ಟು ವೋಲ್ಟನ್ನು ತಡೆಯುತ್ತಿರಲಿಲ್ಲ. ಥೈರಟ್ರಾನಿನ ಬೆಲೆಯನ್ನು ನಮ್ಮ ಮನೆ ತಡೆಯುತ್ತಿರಲಿಲ್ಲ.

ಕೊನೆಗೆ ಅವನ ಕಣ್ಣು ಅಟ್ಟದ ತೊಟ್ಟಿಲ ಮೇಲೆ ಬಿತ್ತು. ಎರಡು ಗುಂಡು ಬಿಚ್ಚಿ, ಕಾಯಿಲಿಗೂ ದೀಪಕ್ಕೂ ನಡುವೆ, ಕಡಲೆಬೇಳೆಯಷ್ಟು ಸಂದು ಬಿಟ್ಟು ಎದುರುಬದುರು ನಿಲ್ಲಿಸಿದ. ಒಂದು ಸೆಂಟಿಮೀಟರ್ ಒಣ ಗಾಳಿ ಸುಮಾರು 30,000 ವೋಲ್ಟಿನವರೆಗೆ ವಿದ್ಯುತ್ತನ್ನು ತಡೆಯುತ್ತದೆ, ಆಮೇಲೆ ತಟ್ಟನೆ ಸೋಲುತ್ತದೆ. ಕುಕ್ಕರಿನ ವೆಯ್ಟಿನಂತೆ, ಒತ್ತಡ ಏರುವ ತನಕ ಸುಮ್ಮನಿದ್ದು ಒಮ್ಮೆಲೇ ಬಿಡುತ್ತದೆ. ಕೆಳಗಡೆ ಪಾಯಿಂಟ್ಸು ಎಷ್ಟು ಮಂದವಾಗಿದ್ದರೂ ಗುಂಡುಗಳನ್ನು ದಾಟಿದ ಏಟು ಚುರುಕಾಗಿತ್ತು. ಆ ರಾತ್ರಿ "ಚಟ್" ಎಂದಿತು, ನೀಲಿ ಕಿಡಿ ಹಾರಿತು, ದೀಪ ಕಿತ್ತಳೆ ಬಣ್ಣದಲ್ಲಿ ಮಿಂಚಿ ಆರಿತು. ಅಣ್ಣ ನನ್ನನ್ನು ಎತ್ತಿ ಕುಣಿಸಿಬಿಟ್ಟ.

ಮಾರನೆಯ ಸಂಜೆ ಮತ್ತೆ ಅದೇ ಆಟ. ನಡುವೆ ಯಾರೋ ಕರೆದರೆಂದು ಪ್ಲಗ್ ಕಿತ್ತು ಹೊರಗೆ ಹೋದ. ದೀಪ ಹಚ್ಚುವ ಹೊತ್ತು. ಅಮ್ಮ ಕಸ ಗುಡಿಸುತ್ತ ಬಂದು, "ಇದನ್ನ ಎತ್ತಿಡ್ಲೇನೇ?" ಎಂದಳು. "ಪ್ಲಗ್ ಕಿತ್ತಿದೆ, ಎತ್ತಿಡಮ್ಮ" ಎಂದೆ ನಾನು.

ತಂತಿ ಕಿತ್ತರೂ ಹಂಡೆ ತುಂಬಿಯೇ ಇತ್ತು. ಅಮ್ಮ ಹಿಂದಕ್ಕೆ ಎಗರಿ ಬಿದ್ದಳು. ಬದುಕಿಕೊಂಡಳು, ಆದರೆ ಬಲಗೈ ಮೂರು ದಿನ ಜೋಮು ಹಿಡಿದಿತ್ತು. ಮುದ್ದೆ ತಿರುವಲಾಗದೆ ಎಡಗೈಯಲ್ಲಿ ಗಂಜಿ ಕುಡಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಕನ್ನಡದಲ್ಲಿ "ಆರಿಸು" ಎಂಬುದಕ್ಕೆ ಎರಡು ಅರ್ಥ. ಸ್ವಿಚ್ಚನ್ನು ಆಯ್ದುಕೊಳ್ಳುವ ಆರಿಸುವಿಕೆಗೆ ಅಣ್ಣ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ನಂದಿಸುವ ಆರಿಸುವಿಕೆಯನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಕಂಡೆನ್ಸರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕಿದ್ದರೆ ಕರೆಂಟು ತಾನಾಗಿ ಇಳಿದುಹೋಗುತ್ತಿತ್ತು. ಕೆಲವೇ ಆಣೆಯ ಸಾಮಾನು.

ಅಪ್ಪ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದರು. ಅಣ್ಣ ಮುಂದೆ ಇಂಜಿನಿಯರಾದ. ಪಿಯುಸಿಯಲ್ಲಿ ನಾನೂ ವಿಜ್ಞಾನ ಕೇಳಿದಾಗ ಅಪ್ಪ, "ಮನೆಗೊಬ್ಬ ಸಿಡಿಲಿನವನು ಸಾಕು" ಎಂದರು. ನಾನು ಚರಿತ್ರೆ ಓದಿದೆ.

ಚರಿತ್ರೆ ಓದಿದ್ದರಿಂದಲೇ ಕೆಲವು ಸಂಗತಿ ತಿಳಿಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗೆ ವಿದ್ಯುತ್ ತಂದರು, ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. 1952ರ ಗಣಿ ಕಾಯಿದೆಯಂತೆ ನೆಲದಡಿಯ ಗಣಿಯಲ್ಲಿ ಹೆಂಗಸರಿಗೆ ಕೆಲಸ ಕೊಡುವಂತಿರಲಿಲ್ಲ, ಅದು ಸಡಿಲವಾದದ್ದು 2019ರಲ್ಲಿ. ಆದರೂ ಈ ಗಣಿಯ ಪ್ರಯೋಗಗಳ ಜೊತೆ ಒಬ್ಬ ಹೆಣ್ಣುಮಗಳ ಹೆಸರು ಸೇರಿದೆ, ಬಿಭಾ ಚೌಧುರಿ. 1913ರಲ್ಲಿ ಹುಟ್ಟಿ ಟಾಟಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿಯಾದವರು. 1991ರಲ್ಲಿ ತೀರಿಕೊಂಡರು. ಬದುಕಿದ್ದಾಗ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2019ರಲ್ಲಿ ಒಂದು ನಕ್ಷತ್ರಕ್ಕೆ ಅವರ ಹೆಸರಿಟ್ಟರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಳದ ಸುರಂಗಗಳಿಗೆ ನೀರು ತುಂಬಿತು. ಈಗ ಥೈರಟ್ರಾನಿನ ಕೆಲಸವನ್ನು ಉಗುರಿನಷ್ಟು ಸಿಲಿಕಾನ್ ಬಿಲ್ಲೆಗಳು ಎಷ್ಟೋ ಕಡೆ ಮಾಡುತ್ತವೆ.

ಮೊನ್ನೆ ಸೊಸೆ, "ಆ ಗುಂಡುಗಳಿಗೆ ಪಾಲಿಷ್ ಹಾಕಿಸೋಣವಾ ಅತ್ತೆ?" ಎಂದಳು. ಬೇಡವೆಂದೆ. ಮೊಮ್ಮಗಳು ಬೆಳೆದು ಆ ಚುಕ್ಕೆ ಏನೆಂದು ಕೇಳಬೇಕು. ಆಗ ಕಿಡಿಯ ಕತೆಯನ್ನೂ ಹೇಳುತ್ತೇನೆ, ಅಮ್ಮನ ಬಲಗೈಯ ಕತೆಯನ್ನೂ ಹೇಳುತ್ತೇನೆ.