ಸಾರಜನಕದ ಲೆಕ್ಕ, ಹಾಲಿನ ಶುದ್ಧಿ

2008ರಲ್ಲಿ ಚೀನಾದಲ್ಲಿ ಹಸುಗೂಸುಗಳಿಗೆ ಕುಡಿಸುತ್ತಿದ್ದ ಹಾಲಿನ ಪುಡಿಯಲ್ಲಿ ಮೆಲಮೈನ್ ಪತ್ತೆಯಾಯಿತು. ಆರು ಶಿಶುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಅನೇಕರ ಮೂತ್ರಪಿಂಡಗಳಲ್ಲಿ ಮೆಲಮೈನ್ ಮತ್ತು ಯೂರಿಕ್ ಆಮ್ಲ ಸೇರಿ ಕಲ್ಲುಕಟ್ಟಿತ್ತು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ಈ ವಸ್ತುವನ್ನು ಹಾಲಿಗೆ ಬೆರೆಸಿದ್ದು ರುಚಿಗಲ್ಲ, ಬಣ್ಣಕ್ಕಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು.

ಆ ಪರೀಕ್ಷೆಯ ಹುಟ್ಟು ಬಿಯರ್ ತಯಾರಿಕೆಯಲ್ಲಿದೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್‌ಗೆ ಬಾರ್ಲಿಯಲ್ಲಿರುವ ಪ್ರೋಟೀನನ್ನು ಬೇಗ ಅಳೆಯುವ ದಾರಿ ಬೇಕಿತ್ತು. 1883ರಲ್ಲಿ ಅವನು ಪ್ರಕಟಿಸಿದ ವಿಧಾನವನ್ನು ಇಂದಿಗೂ ಪಿಯುಸಿ ವಿದ್ಯಾರ್ಥಿಗಳು ಓದುತ್ತಾರೆ. ಮಾದರಿಯನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದಲ್ಲಿ ಕಾಯಿಸಿದರೆ ಅದರ ಸಾರಜನಕ ಅಮೋನಿಯಂ ಸಲ್ಫೇಟ್ ಆಗುತ್ತದೆ. ಕ್ಷಾರ ಸೇರಿಸಿ ಬಟ್ಟಿ ಇಳಿಸಿದಾಗ ಅಮೋನಿಯಾ ಹೊರಬರುತ್ತದೆ, ಅದನ್ನು ಟೈಟ್ರೇಷನ್‌ನಿಂದ ಅಳೆಯುತ್ತಾರೆ. ಹಾಲಿನ ಪ್ರೋಟೀನಿನಲ್ಲಿ ಸಾರಜನಕ ಶೇ 15.7ರಷ್ಟಿರುವುದರಿಂದ, ಸಿಕ್ಕ ಸಾರಜನಕವನ್ನು 6.38ರಿಂದ ಗುಣಿಸಿದರೆ ಪ್ರೋಟೀನು.

ಗುಣಿಸುವ ಈ ಹೆಜ್ಜೆಯಲ್ಲೇ ಒಂದು ನಂಬಿಕೆ ಅಡಗಿದೆ: ಸಿಕ್ಕ ಸಾರಜನಕವೆಲ್ಲ ಪ್ರೋಟೀನಿನದೇ ಎಂಬುದು. ಆಮ್ಲ ಮಾದರಿಯನ್ನು ಒಡೆದುಹಾಕುವಾಗ ಸಾರಜನಕ ಯಾವ ಅಣುವಿನಿಂದ ಬಂತೆಂಬ ಗುರುತೂ ಅಳಿಸಿಹೋಗುತ್ತದೆ.

ಮೆಲಮೈನ್ ಅಣುವಿನಲ್ಲಿ ಇಂಗಾಲ ಮೂರು, ಜಲಜನಕ ಆರು, ಸಾರಜನಕ ಆರು. ತೂಕದಲ್ಲಿ ಶೇ 66.6 ಸಾರಜನಕವೇ. 6.38ರಿಂದ ಗುಣಿಸಿ ನೋಡಿದರೆ ಒಂದು ಗ್ರಾಂ ಮೆಲಮೈನ್ ಕಾಗದದ ಮೇಲೆ ಸುಮಾರು 4.25 ಗ್ರಾಂ ಪ್ರೋಟೀನಾಗಿ ಕಾಣುತ್ತದೆ! ನೀರು ಬೆರೆಸಿ ತೆಳುವಾದ ಒಂದು ಲೀಟರ್ ಹಾಲಿಗೆ 10 ಗ್ರಾಂ ಸುಳ್ಳು ಪ್ರೋಟೀನು ತುಂಬಲು 2.35 ಗ್ರಾಂ ಸಾಕು. ಅಷ್ಟು ಮೆಲಮೈನ್ ತಣ್ಣೀರಿನಲ್ಲೂ ಕರಗುತ್ತದೆ. ಕೆಲ್ಡಾಲ್ ವಿಧಾನ ಎಲ್ಲೂ ಎಡವಲಿಲ್ಲ, ಸಾರಜನಕವನ್ನು ಸರಿಯಾಗಿಯೇ ಎಣಿಸಿತು. ತಪ್ಪಿದ್ದು ಆ ಎಣಿಕೆಯನ್ನೇ ಶುದ್ಧತೆಯ ಸಾಕ್ಷಿಯೆಂದು ಒಪ್ಪಿಕೊಂಡ ವ್ಯವಸ್ಥೆ.

ಧಾತುಗಳ ಲೆಕ್ಕ ಸರಿಯಿದ್ದರೂ ವಸ್ತು ಬೇರೆಯಿರಬಹುದೆಂಬುದು ರಸಾಯನಶಾಸ್ತ್ರಕ್ಕೆ ಆ ಹೊತ್ತಿಗೆ ಸುಮಾರು ಇನ್ನೂರು ವರ್ಷ ಹಳೆಯ ಪಾಠ. 1820ರ ದಶಕದಲ್ಲಿ ಯುಸ್ಟುಸ್ ಲೀಬಿಗ್ ಸಿಲ್ವರ್ ಫುಲ್ಮಿನೇಟನ್ನೂ ಫ್ರೀಡ್ರಿಶ್ ವ್ಯೋಲರ್ ಸಿಲ್ವರ್ ಸಯನೇಟನ್ನೂ ವಿಶ್ಲೇಷಿಸಿದರು. ಮೊದಲನೆಯದು ಮುಟ್ಟಿದರೆ ಸಿಡಿಯುತ್ತದೆ, ಎರಡನೆಯದು ಸಿಡಿಯದು. ಆದರೆ ಎರಡರಲ್ಲೂ ಬೆಳ್ಳಿ, ಇಂಗಾಲ, ಸಾರಜನಕ, ಆಮ್ಲಜನಕಗಳ ಪ್ರಮಾಣ ಒಂದೇ ಬಂತು. ವ್ಯೋಲರನ ಅಳತೆ ತಪ್ಪೆಂದು ಲೀಬಿಗ್ ಮೊದಲು ವಾದಿಸಿದ. ಮಾದರಿಯನ್ನು ಶುದ್ಧಗೊಳಿಸಿ ಮತ್ತೆ ಅಳೆದ ಮೇಲೆ ಇಬ್ಬರೂ ಸರಿಯೆಂದು ತಿಳಿಯಿತು. ಈ ವಿದ್ಯಮಾನಕ್ಕೆ 1830ರಲ್ಲಿ ಐಸೋಮರಿಸಂ ಎಂಬ ಹೆಸರು ಕೊಟ್ಟವನು ಬರ್ಜೀಲಿಯಸ್. ವಾದಕ್ಕಿಳಿದ ಆ ಇಬ್ಬರೂ ಮುಂದೆ ಜೀವಮಾನದ ಗೆಳೆಯರಾದರು.

ಇಂಗಾಲ, ಜಲಜನಕ, ಸಾರಜನಕಗಳ ಅಳತೆ ಆಮೇಲೆ ಬಹಳ ಸೂಕ್ಷ್ಮವಾಯಿತು. ಆಸ್ಟ್ರಿಯಾದ ಫ್ರಿಟ್ಸ್ ಪ್ರೆಗ್ಲ್ ಕೆಲವೇ ಮಿಲಿಗ್ರಾಂ ಮಾದರಿಯಿಂದ ಫಲಿತಾಂಶ ಪಡೆದು 1923ರಲ್ಲಿ ನೊಬೆಲ್ ಪಡೆದ. ಹೊಸ ಸಂಯುಕ್ತದ ಧಾತು ವಿಶ್ಲೇಷಣೆ ಸೂತ್ರದ ಲೆಕ್ಕಕ್ಕಿಂತ ಶೇ 0.4ರೊಳಗಿನ ವ್ಯತ್ಯಾಸದಲ್ಲಿರಬೇಕೆಂದು ಹಲವು ಸಂಶೋಧನಾ ಪತ್ರಿಕೆಗಳು ಕೇಳುತ್ತ ಬಂದಿವೆ. ಅಳತೆ ಎಷ್ಟೇ ಸೂಕ್ಷ್ಮವಾದರೂ ಐಸೋಮರ್ ಬೆರೆತಿರುವುದು ಅದರಿಂದ ತಿಳಿಯದು.

ಹಾಲಿನ ವಿಷಯದಲ್ಲಿ ಪರಿಹಾರ ಕಷ್ಟದ್ದೇನಲ್ಲ. ಟ್ರೈಕ್ಲೋರೋಅಸೆಟಿಕ್ ಆಮ್ಲ ಬೆರೆಸಿದರೆ ಪ್ರೋಟೀನು ಗರಣೆಗಟ್ಟಿ ಬೇರೆಯಾಗುತ್ತದೆ. ಮೆಲಮೈನ್, ಯೂರಿಯಾದಂಥ ಸಣ್ಣ ಅಣುಗಳು ತಿಳಿನೀರಿನಲ್ಲೇ ಉಳಿಯುತ್ತವೆ. ಎರಡರ ಸಾರಜನಕವನ್ನೂ ಬೇರೆ ಬೇರೆ ಅಳೆದರೆ ಮೋಸ ಹೊರಬೀಳುತ್ತದೆ. ಮೆಲಮೈನನ್ನೇ ನೇರವಾಗಿ ಹುಡುಕಲು ಈಗ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಯ ಬಳಕೆಯಿದೆ. 2010ರಲ್ಲಿ ಅಂತರರಾಷ್ಟ್ರೀಯ ಆಹಾರ ಸಂಹಿತೆ ಆಯೋಗವು ಶಿಶು ಆಹಾರದ ಪುಡಿಗೆ ಕಿಲೋಗೆ 1 ಮಿಲಿಗ್ರಾಂ ಮಿತಿ ಹಾಕಿತು.

ಭಾರತದಲ್ಲಿ ಇಂಥದೇ ಕಲಬೆರಕೆಗೆ ಹಳೆಯ ವಸ್ತು ಯೂರಿಯಾ. ಅದರಲ್ಲಿ ಶೇ 46.6 ಸಾರಜನಕ. ಡೈರಿ ಪ್ರಯೋಗಾಲಯದಲ್ಲಿ ಹಾಲಿಗೆ ಡಿಎಂಎಬಿ ಎಂಬ ರಾಸಾಯನಿಕದ ದ್ರಾವಣ ಹಾಕಿದರೆ ಯೂರಿಯಾ ಹಳದಿ ಬಣ್ಣ ಕೊಡುತ್ತದೆ. ಇಲ್ಲೊಂದು ತೊಡಕಿದೆ: ಹಸುವಿನ ಕೆಚ್ಚಲಿನಿಂದ ನೇರವಾಗಿ ಕರೆದ ಹಾಲಿನಲ್ಲೂ ಸ್ವಲ್ಪ ಯೂರಿಯಾ ಇದ್ದೇ ಇರುತ್ತದೆ, ಹಾಗಾಗಿ ತಿಳಿಹಳದಿ ಕಂಡ ಮಾತ್ರಕ್ಕೆ ಕಲಬೆರಕೆಯೆನ್ನಲಾಗದು. ಖಾತ್ರಿಯಿರುವ ಹಾಲನ್ನು ಪಕ್ಕದ ನಳಿಕೆಯಲ್ಲಿಟ್ಟು, ಬಣ್ಣ ಅದಕ್ಕಿಂತ ಗಾಢವಾಗಿದೆಯೇ ಎಂದು ಹೋಲಿಸಿಯೇ ಹೇಳಬೇಕು.