ಟೊಲೀಡೊ ಟ್ರೂಪರ್ಸ್: 61 ಗೆಲುವು, 4 ಸೋಲು ಮತ್ತು ಒಂದು ಉಪವಿಧಿ

ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊದಲ್ಲಿ 1971ರಲ್ಲಿ ಹುಟ್ಟಿದ ಮಹಿಳಾ ಅಮೆರಿಕನ್ ಫುಟ್‌ಬಾಲ್ ತಂಡ ಟೊಲೀಡೊ ಟ್ರೂಪರ್ಸ್ 1979ರವರೆಗೆ ಒಂಬತ್ತು ಋತು ಆಡಿತು. 61 ಗೆಲುವು, 4 ಸೋಲು ಎಂಬುದು ಅದರ ಹೆಸರಿನ ಜೊತೆ ಸಾಮಾನ್ಯವಾಗಿ ಬರುವ ಲೆಕ್ಕ. ಶೇಕಡಾವಾರು ಹೇಳುವುದಾದರೆ 93.8. ವೃತ್ತಿಪರ ಫುಟ್‌ಬಾಲಿನಲ್ಲೇ ಅತಿ ಹೆಚ್ಚು ಗೆದ್ದ ತಂಡವೆಂಬ ಬಿರುದು ಬಂದದ್ದು ಇದರಿಂದಲೇ. 2022ರಲ್ಲಿ ಪ್ರಕಟವಾದ ಸ್ಟೀಫನ್ ಗಿನಾನ್ ಅವರ ಪುಸ್ತಕದ ಉಪಶೀರ್ಷಿಕೆಯೂ ಇದನ್ನೇ ಸಾರುತ್ತದೆ.

ಈ ಲೆಕ್ಕಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಶಿಕ್ಷಣದಲ್ಲಿ ಲಿಂಗತಾರತಮ್ಯ ನಿಷೇಧಿಸಿದ ‘ಟೈಟಲ್ ನೈನ್’ ಕಾನೂನು ಹೆಣ್ಣುಮಕ್ಕಳಿಗೆ ಮೈದಾನದ ಬಾಗಿಲು ತೆರೆಯಿತು, ಟ್ರೂಪರ್ಸ್ ಅದರ ಫಲ ಎಂಬುದು ಮೊದಲನೆಯದು. ಎದುರಾಳಿಗಳು ದುರ್ಬಲರಾಗಿದ್ದರು, ಆದ್ದರಿಂದ ಗೆಲುವಿಗೆ ಬೆಲೆಯಿಲ್ಲ ಎಂಬುದು ಎರಡನೆಯದು. ಮೊದಲನೆಯದು ದಿನಾಂಕಗಳನ್ನೇ ನೋಡದ ಮಾತು. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ಆದರೆ ದುರ್ಬಲರು ಯಾಕೆ ದುರ್ಬಲರಾಗಿದ್ದರು ಎಂದು ಅದು ಕೇಳುವುದಿಲ್ಲ.

ಟೈಟಲ್ ನೈನ್‌ಗೆ ಅಧ್ಯಕ್ಷರ ಸಹಿ ಬಿದ್ದದ್ದು 1972ರ ಜೂನ್ 23ರಂದು. ಆ ಹೊತ್ತಿಗೆ ಟ್ರೂಪರ್ಸ್ ಮೊದಲ ಋತುವನ್ನು ಮುಗಿಸಿತ್ತು. ಕ್ಲೀವ್‌ಲ್ಯಾಂಡಿನ ಪ್ರದರ್ಶನ ಏಜೆಂಟ್ ಸಿಡ್ ಫ್ರೀಡ್‌ಮನ್ ಮಹಿಳಾ ತಂಡಗಳನ್ನು ಊರೂರು ಸುತ್ತಿಸತೊಡಗಿದ್ದು 1960ರ ದಶಕದಲ್ಲೇ. ಅವರ ಲೆಕ್ಕದಲ್ಲಿ ಅದು ಟಿಕೆಟ್ ಮಾರುವ ತಮಾಷೆ. ಆ ಬಳಗದ ಒಂದು ತಂಡವಾಗಿ ಹುಟ್ಟಿದ ಟ್ರೂಪರ್ಸ್‌ಗೆ ಕೋಚ್ ಆಗಿ ಬಂದ ಬಿಲ್ ಸ್ಟೌಟ್ ಅದನ್ನು ತಮಾಷೆಯಾಗಿ ಕಾಣಲಿಲ್ಲ. ಫ್ರೀಡ್‌ಮನ್ ಹಿಡಿತದಿಂದ ಹೊರಬಂದ ತಂಡ 1974ರಲ್ಲಿ ರೂಪುಗೊಂಡ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್‌ನಲ್ಲಿ ಕೊಲಂಬಸ್, ಡೆಟ್ರಾಯಿಟ್, ಡಲ್ಲಾಸ್, ಲಾಸ್ ಏಂಜಲೀಸ್ ಮೊದಲಾದ ನಗರಗಳ ತಂಡಗಳ ಜೊತೆ ಸೇರಿತು. ಈ ಕ್ರಮದಲ್ಲಿ ಕಾನೂನಿಗೆ ಜನಕನ ಸ್ಥಾನ ಎಲ್ಲಿಯೂ ಸಿಗದು. ಅಲ್ಲದೆ ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಿಗಷ್ಟೇ ಅದು ಅನ್ವಯ. ಖಾಸಗಿ ಕ್ಲಬ್ಬಿಗೂ ಅದಕ್ಕೂ ಸಂಬಂಧವಿಲ್ಲ.

ಕಾನೂನು ನೇರವಾಗಿ ತಂಡ ಕಟ್ಟದಿದ್ದರೂ ಶಾಲೆಗಳ ಮೂಲಕ ಆಟಗಾರ್ತಿಯರನ್ನು ಒದಗಿಸಿತು ಎಂದು ವಾದಿಸುವವರಿದ್ದಾರೆ. ಮಹಿಳಾ ಬ್ಯಾಸ್ಕೆಟ್‌ಬಾಲ್, ಸಾಕರ್ ಕುರಿತು ಈ ಮಾತು ನಿಲ್ಲುತ್ತದೆ. ಫುಟ್‌ಬಾಲ್ ಕುರಿತು ನಿಲ್ಲುವುದಿಲ್ಲ. ಕಾರಣ, ಕಾನೂನನ್ನು ಜಾರಿಗೊಳಿಸಲು ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆ 1975ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿದೆ. ಅದರ ಕ್ರೀಡಾ ಭಾಗದಲ್ಲಿ ಒಂದು ಉಪವಿಧಿ ಬರುತ್ತದೆ. ಒಂದು ಆಟದಲ್ಲಿ ಶಾಲೆ ಹುಡುಗರ ತಂಡವನ್ನು ಮಾತ್ರ ನಡೆಸುತ್ತಿದ್ದು, ಹುಡುಗಿಯರಿಗೆ ಹಿಂದಿನಿಂದ ಅವಕಾಶ ಕಡಿಮೆಯಿದ್ದರೆ, ಅವರನ್ನೂ ಆಯ್ಕೆ ಪರೀಕ್ಷೆಗೆ ಬಿಡಬೇಕು, ಆದರೆ ಅದು ಮೈಗೆ ಮೈ ತಾಗುವ ಆಟವಾಗಿರಬಾರದು. ಮುಂದೆಯೇ ಅಂಥ ಆಟಗಳ ಪಟ್ಟಿ: ಬಾಕ್ಸಿಂಗ್, ಕುಸ್ತಿ, ರಗ್ಬಿ, ಐಸ್ ಹಾಕಿ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್.

ಬ್ಯಾಸ್ಕೆಟ್‌ಬಾಲ್‌ಗೆ ಈ ವಿನಾಯಿತಿಯಿಂದ ನಷ್ಟವಾಗಲಿಲ್ಲ. ಶಾಲೆಗಳು ಹುಡುಗಿಯರಿಗೆ ಬೇರೆಯೇ ತಂಡ ಕಟ್ಟಿದವು. ಫುಟ್‌ಬಾಲಿನಲ್ಲಿ ಬೇರೆ ತಂಡ ಕಟ್ಟುವ ಯೋಚನೆಯೇ ಯಾರಿಗೂ ಇರಲಿಲ್ಲ. ಹುಡುಗರ ತಂಡದ ಬಾಗಿಲನ್ನು ಮುಚ್ಚಿಡಲು ನಿಯಮವೇ ಅನುಮತಿ ಕೊಟ್ಟಿತು. ಹೀಗೆ ಟ್ರೂಪರ್ಸ್‌ನ ತಾಯಿಬೇರು ಎಂದು ಕೊಂಡಾಡುವ ಕಾನೂನು ಜಾರಿಗೆ ಬಂದ ರೂಪದಲ್ಲಿ ಅವರ ಆಟವನ್ನೇ ಹೆಸರಿಸಿ ಹೊರಗಿಟ್ಟಿತ್ತು. (ಟೈಟಲ್ ನೈನ್‌ನ ವಾರ್ಷಿಕೋತ್ಸವಗಳಿಗೆಂದು ಬರುವ ಲೇಖನಗಳಲ್ಲಿ ಈ ಉಪವಿಧಿಯ ಸುಳಿವು ಸಿಗುವುದು ಅಪರೂಪ. ಓದಿ ಬಿಟ್ಟರೋ, ಓದದೇ ಬಿಟ್ಟರೋ, ಫಲಿತಾಂಶ ಒಂದೇ.)

ಇಲ್ಲಿ ಒಂದು ಎಚ್ಚರ ಬೇಕು. ಉಪವಿಧಿ ಹೊರಗಿಡಲು ಅವಕಾಶ ಕೊಟ್ಟಿತೇ ಹೊರತು ಹೊರಗಿಡಲೇಬೇಕೆಂದು ಹೇಳಲಿಲ್ಲ. ಅದೇ 1975ರಲ್ಲಿ ‘ಡ್ಯಾರಿನ್ ವಿರುದ್ಧ ಗೌಲ್ಡ್’ ಪ್ರಕರಣದಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಪ್ರೌಢಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡಲು ಹುಡುಗಿಯರ ಪರವಾಗಿ ತೀರ್ಪಿತ್ತಿತು. ಆದರೆ ಅದಕ್ಕೆ ಆಧಾರವಾದದ್ದು ಆ ರಾಜ್ಯದ ಸಂವಿಧಾನದ ಸಮಾನ ಹಕ್ಕುಗಳ ತಿದ್ದುಪಡಿ. ಒಹಾಯೊದ ಟ್ರೂಪರ್ಸ್‌ಗೆ ಅದರಿಂದ ಬಂದ ಪ್ರಯೋಜನವೇನೂ ಇಲ್ಲ. ಕಾನೂನು ಹುಟ್ಟಿಸಿದ ಸಾರ್ವಜನಿಕ ಉತ್ಸಾಹ 1974ರ ಲೀಗ್‌ಗೆ ಒಂದಷ್ಟು ಗಾಳಿ ಹಾಕಿರಬಹುದು ಎಂಬುದನ್ನು ಒಪ್ಪಬಹುದು, ಅದಕ್ಕಿಂತ ಹೆಚ್ಚಿನದನ್ನಲ್ಲ.

ಈ ಹಿನ್ನೆಲೆಯಲ್ಲಿ 61–4 ಬೇರೆಯೇ ಅರ್ಥ ಕೊಡುತ್ತದೆ. ಒಹಾಯೊದ ಮ್ಯಾಸಿಲನ್ ಪಟ್ಟಣದಲ್ಲಿ ಗಂಡುಮಗು ಹುಟ್ಟಿದರೆ ತೊಟ್ಟಿಲಿಗೆ ಪುಟ್ಟ ಫುಟ್‌ಬಾಲ್ ಇಡುವ ಸಂಪ್ರದಾಯವಿದೆ. ಅಂಥ ರಾಜ್ಯದ ಹುಡುಗ ಹದಿನೆಂಟು ತುಂಬುವಷ್ಟರಲ್ಲಿ ಹತ್ತು ವರ್ಷದ ತರಬೇತಿ ಮುಗಿಸಿರುವುದು ಅಚ್ಚರಿಯಲ್ಲ. ಬಗ್ಗಿ ಒಂದು ಕೈಯನ್ನು ನೆಲಕ್ಕೂರಿ ನಿಲ್ಲುವುದು, ಚೆಂಡು ಹಿಂದಕ್ಕೆ ಹಾದ ಕ್ಷಣವೇ ಎದುರಿನವನ ಎದೆಗೆ ಕೆಳಗಿನಿಂದ ನುಗ್ಗುವುದು, ತಲೆ ತಗ್ಗಿಸದೆ ಭುಜದಿಂದ ಟ್ಯಾಕಲ್ ಮಾಡುವುದು ಅವನಿಗೆ ರೂಢಿಯಾಗಿರುತ್ತದೆ. ಟ್ರೂಪರ್ಸ್ ಮತ್ತು ಅವರ ಎದುರಾಳಿಗಳ ಬಹುತೇಕ ಆಟಗಾರ್ತಿಯರು ಇದನ್ನೆಲ್ಲ ದೊಡ್ಡವರಾದ ಮೇಲೆ, ಹಗಲಿನ ಕೆಲಸ ಮುಗಿಸಿ ಬಂದು, ಗಂಡಸರ ಅಳತೆಯ ಶೋಲ್ಡರ್ ಪ್ಯಾಡ್ ಕಟ್ಟಿಕೊಂಡು ಮೊದಲ ಬಾರಿಗೆ ಕಲಿತರು. ಎಲ್ಲರೂ ಸೊನ್ನೆಯಿಂದ ಹೊರಟಾಗ ಯಾರಿಗೆ ಪಟ್ಟಾಗಿ ಕಲಿಸುವ ಕೋಚ್ ಸಿಕ್ಕಿದನೋ ಅವರ ಮುಂದೆ ಉಳಿದವರು ನಿಲ್ಲುವುದು ಕಷ್ಟ. ಟೊಲೀಡೊಗೆ ಸ್ಟೌಟ್ ಸಿಕ್ಕಿದರು.

ಟ್ರೂಪರ್ಸ್‌ನಲ್ಲಿ ಚೆಂಡು ಹಿಡಿದು ಓಡುತ್ತಿದ್ದ ರನ್ನಿಂಗ್ ಬ್ಯಾಕ್ ಲಿಂಡಾ ಜೆಫರ್‌ಸನ್ ಅವರ ಅಂಕಿಗಳೂ ಇದನ್ನೇ ಹೇಳುತ್ತವೆ. ಸತತ ಐದು ಋತುಗಳಲ್ಲಿ ಅವರು ಸಾವಿರ ಯಾರ್ಡ್ ದಾಟಿದರು. ‘ವಿಮೆನ್‌ಸ್ಪೋರ್ಟ್ಸ್’ ಪತ್ರಿಕೆ 1975ರಲ್ಲಿ ಅವರನ್ನು ವರ್ಷದ ಕ್ರೀಡಾಪಟು ಎಂದು ಆರಿಸಿತು. 65 ಪಂದ್ಯಗಳನ್ನು ಒಂಬತ್ತು ಋತುಗಳಿಗೆ ಹಂಚಿದರೆ ಋತುವಿಗೆ ಏಳು ಚಿಲ್ಲರೆ ಪಂದ್ಯ. ಸಾವಿರ ಯಾರ್ಡ್ ಎಂದರೆ ಪಂದ್ಯಕ್ಕೆ ಸುಮಾರು 140. ಪುರುಷರ ಎನ್‌ಎಫ್‌ಎಲ್‌ನಲ್ಲಿ ಆಗ ಋತುವಿಗೆ 14 ಪಂದ್ಯ, 1973ರಲ್ಲಿ ಒ.ಜೆ. ಸಿಂಪ್ಸನ್ 2,003 ಯಾರ್ಡ್ ಓಡಿ ದಾಖಲೆ ಬರೆದಾಗಿನ ಸರಾಸರಿ 143. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಿವೇಕ. ಹಾಗೆಂದು ಜೆಫರ್‌ಸನ್ ಅಂಕಿಗಳನ್ನು ತಳ್ಳಿಹಾಕುವುದೂ ಸರಿಯಲ್ಲ. ಮುಂದಿನ ಸಾಲಿನ ಐವರು ದಾರಿ ಬಿಡಿಸದೆ ಯಾವ ಓಟಗಾರ್ತಿಯೂ ಐದು ವರ್ಷ ಸತತವಾಗಿ ಸಾವಿರ ದಾಟಲಾರಳು. ಈ ಅಂಕಿಯಲ್ಲಿ ಒಬ್ಬರ ವೇಗದಷ್ಟೇ ಇಡೀ ತಂಡದ ಅಭ್ಯಾಸವೂ ದಾಖಲಾಗಿದೆ.

ನಿಜವಾದ ಪರೀಕ್ಷೆ ಗೆಲುವುಗಳಲ್ಲಿಲ್ಲ, ಸೋಲಿನಲ್ಲಿದೆ. ಹುಟ್ಟಿದಂದಿನಿಂದ ಸೋಲು ಕಾಣದಿದ್ದ ಟ್ರೂಪರ್ಸ್ 1976ರಲ್ಲಿ ಒಕ್ಲಹೋಮ ಸಿಟಿ ಡಾಲ್ಸ್‌ಗೆ ಮಣಿದರು. ಡಾಲ್ಸ್‌ಗೆ ಅದು ಮೊಟ್ಟಮೊದಲ ಋತು. ಟೊಲೀಡೊದ ಹಿರಿಮೆ ಯಾರೂ ಮುಟ್ಟಲಾಗದ ಜನ್ಮಜಾತ ಪ್ರತಿಭೆಯದಾಗಿದ್ದರೆ ಒಂದು ವರ್ಷವೂ ತುಂಬದ ತಂಡ ಅದನ್ನು ಮುರಿಯುವುದು ಹೇಗೆ? ಮಹಿಳೆಯರ ಆಟವೇ ದುರ್ಬಲವಾಗಿದ್ದರೆ ಡಾಲ್ಸ್‌ನಂಥ ತಂಡ ಅಷ್ಟು ಬೇಗ ತಯಾರಾಗುವುದು ಹೇಗೆ? ಶಿಸ್ತಿನ ತರಬೇತಿ ಮತ್ತೊಂದು ಊರಿಗೆ ತಲುಪಿದ ಕೂಡಲೇ ಅಂತರ ಕರಗಿತು ಎಂಬ ವಿವರಣೆಯೊಂದೇ ಈ ಎರಡು ಪ್ರಶ್ನೆಗಳಿಗೂ ಉತ್ತರಿಸುತ್ತದೆ. ಬಿರುದಿನ ಬೆನ್ನುಹತ್ತಿದವರು ಈ ಪಂದ್ಯವನ್ನು ಒಂದು ಅಪಘಾತವೆಂಬಂತೆ ದಾಟಿಬಿಡುತ್ತಾರೆ. (ಟೆಲಿವಿಷನ್ ಮಾತ್ರ ಮರೆಯಲಿಲ್ಲ: 1981ರಲ್ಲಿ ಎಬಿಸಿ ವಾಹಿನಿ ಚಿತ್ರ ಮಾಡಿದ್ದು ಡಾಲ್ಸ್ ಹೆಸರಿನಲ್ಲಿ.)

ಹಣದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಪಂದ್ಯಕ್ಕೆ 25 ಡಾಲರ್ ಸಂಭಾವನೆ ಎಂಬುದು ಲೀಗಿನ ಸಾಮಾನ್ಯ ದರ. 1974ರ ಮೇ ತಿಂಗಳಿನಿಂದ ಜಾರಿಯಲ್ಲಿದ್ದ ಗಂಟೆಗೆ 2 ಡಾಲರ್ ಕನಿಷ್ಠ ಕೂಲಿಯ ಪ್ರಕಾರ ಅದು ಹನ್ನೆರಡೂವರೆ ಗಂಟೆಯ ದುಡಿಮೆ. ವಾರವಿಡೀ ನಡೆಯುವ ಅಭ್ಯಾಸ, ಪ್ರಯಾಣ, ಪೆಟ್ಟುಗಳನ್ನು ಎಣಿಸಿದರೆ ಆಟಗಾರ್ತಿಯರೇ ಕ್ಲಬ್ಬನ್ನು ಸಾಕಿದರು ಎನ್ನಬೇಕು.

ಟ್ರೂಪರ್ಸ್ 1979ರ ನಂತರ ಆಡಲಿಲ್ಲ. ಅದೇ ಲೀಗಿನ ಕೊಲಂಬಸ್ ಪೇಸ್‌ಸೆಟರ್ಸ್ 1988ರವರೆಗೆ ಉಳಿದುಕೊಂಡಿತು. ನಿಂತ ತಂಡಗಳ ಜಾಗಕ್ಕೆ ಹೊಸ ಆಟಗಾರ್ತಿಯರನ್ನು ಕಳಿಸುವ ಶಾಲೆಯಾಗಲಿ ಕಾಲೇಜಾಗಲಿ ಇರಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಿಂದ ಕೈಬಿಡಲ್ಪಟ್ಟ ಮಹಿಳಾ ಕಿಕ್ಕರ್ ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ಮೇಲ್ಮನವಿ ನ್ಯಾಯಾಲಯ, ಒಮ್ಮೆ ಆಯ್ಕೆ ಪರೀಕ್ಷೆಗೆ ಬಿಟ್ಟ ಮೇಲೆ ತಾರತಮ್ಯ ಮಾಡುವಂತಿಲ್ಲ ಎಂದಿತು. ಆಯ್ಕೆ ಪರೀಕ್ಷೆಗೇ ಬಿಡದಿರುವ ಅಧಿಕಾರವನ್ನು ಆ ತೀರ್ಪು ಮುಟ್ಟಲಿಲ್ಲ. 1975ರ ಉಪವಿಧಿ ಇಂದಿಗೂ ರದ್ದಾಗಿಲ್ಲ.